ಮನೆಬಾಗಿಲ ಆರೈಕೆ ಮತ್ತು ಬಟವಾಡೆಯ ನಿಯಮಗಳು

ಮಗು ಹುಟ್ಟಿದ ಮೊದಲ ಆರು ವಾರಗಳು ತಾಯಿಗೂ ಶಿಶುವಿಗೂ ಅತ್ಯಂತ ನಾಜೂಕಿನ ಕಾಲ. ಆಸ್ಪತ್ರೆಯಲ್ಲಿ ಹೆರಿಗೆ ಸುಸೂತ್ರವಾಗಿ ಆದರೂ ಬಾಣಂತಿಯು ಕೆಲವೇ ದಿನಗಳಲ್ಲಿ ಮನೆಗೆ ಮರಳುತ್ತಾಳೆ. ಅನಂತರ ಕೂಸಿನ ಮೈ ತಣ್ಣಗಾದರೆ, ಅದು ಮೊಲೆಯುಣ್ಣುವುದನ್ನು ಬಿಟ್ಟರೆ, ಉಸಿರಾಟ ಏರಿದರೆ ಅದನ್ನು ಗುರುತಿಸಲು ವೈದ್ಯರಾಗಲಿ ದಾದಿಯರಾಗಲಿ ಹತ್ತಿರದಲ್ಲಿರುವುದಿಲ್ಲ. ಈ ಕೊರತೆಯನ್ನು ತುಂಬಲು ಸರ್ಕಾರದ ವತಿಯಿಂದ ಮನೆಬಾಗಿಲಿಗೆ ಬರುವ ಮಹಿಳೆಯೇ ಆಶಾ, ಅಂದರೆ ಮಾನ್ಯತೆ ಪಡೆದ ಸಾಮಾಜಿಕ ಆರೋಗ್ಯ ಕಾರ್ಯಕರ್ತೆ.

ಆಶಾ ಕಾರ್ಯಕರ್ತೆಯ ಸೇವೆಯ ಪರಿಚಯ ಬಹುಪಾಲು ಕುಟುಂಬಗಳಿಗೆ ಇದೆ. ಆದರೆ ಆ ಸೇವೆಗೆ ಆಕೆಗೆ ಸಲ್ಲುವ ಹಣದ ಲೆಕ್ಕ ಹೇಗೆ, ಅದು ಯಾವಾಗ ಕೈಸೇರುತ್ತದೆ, ಯಾವ ಕಾರಣಕ್ಕೆ ನಿಂತುಹೋಗುತ್ತದೆ ಎಂಬುದನ್ನು ಅರಿತವರು ವಿರಳ. ಸಂಭಾವನೆಯ ಮೊತ್ತದಷ್ಟೇ ಅದನ್ನು ಬಟವಾಡೆ ಮಾಡುವ ನಿಯಮಗಳೂ ಮುಖ್ಯ. ನಿಯಮವು ಮನೆಯ ವಾಸ್ತವಕ್ಕೆ ಹೊಂದಿಕೊಂಡರೆ ಭೇಟಿ ತಪ್ಪುವುದಿಲ್ಲ. ಹೊಂದಿಕೊಳ್ಳದಿದ್ದರೆ ಅದರ ನಷ್ಟ ಮೊದಲು ಕಾರ್ಯಕರ್ತೆಗೆ, ಬಳಿಕ ಕೂಸಿಗೆ.

ಯೋಜನೆಯ ಹಿನ್ನೆಲೆ

ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು 2005ರ ಏಪ್ರಿಲ್ 12ರಂದು ಆರಂಭವಾಯಿತು. ಸುಮಾರು 1,000 ಜನಸಂಖ್ಯೆಗೆ ಒಬ್ಬರಂತೆ, ಅದೇ ಊರಿನ ಮಹಿಳೆಯೊಬ್ಬರನ್ನು ಆಶಾ ಕಾರ್ಯಕರ್ತೆಯಾಗಿ ಆರಿಸಬೇಕೆಂದು ಆಗ ಗೊತ್ತುಮಾಡಲಾಯಿತು. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ ಜನಸಂಖ್ಯೆ ಕಡಿಮೆಯಿದ್ದರೂ ವಸತಿಗೊಬ್ಬರನ್ನು ನೇಮಿಸಲು ಅವಕಾಶವಿತ್ತು. 2013ರಲ್ಲಿ ನಗರ ಆರೋಗ್ಯ ಅಭಿಯಾನವು ಜಾರಿಗೆ ಬಂದ ಮೇಲೆ ನಗರಗಳ ಕೊಳಚೆ ಪ್ರದೇಶ ಹಾಗೂ ಬಡ ಬಡಾವಣೆಗಳಿಗೂ ಈ ವ್ಯವಸ್ಥೆ ವಿಸ್ತರಿಸಿತು. ಇಂದು ದೇಶದಲ್ಲಿ ಸುಮಾರು 10 ಲಕ್ಷ ಆಶಾ ಕಾರ್ಯಕರ್ತೆಯರಿದ್ದಾರೆ. ಅವರಲ್ಲಿ ಸುಮಾರು 42 ಸಾವಿರ ಮಂದಿ ಕರ್ನಾಟಕದವರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಇಡೀ ಸಮುದಾಯವನ್ನು ಜಾಗತಿಕ ಪ್ರಶಸ್ತಿ ನೀಡಿ ಗೌರವಿಸಿತು.

ಮನೆಗೆ ಹೋಗಿ ಹಸುಗೂಸನ್ನು ನೋಡಿಕೊಳ್ಳುವ ಪದ್ಧತಿಗೆ ಆಧಾರ ದೊರೆತದ್ದು ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ. ಅಲ್ಲಿ ವೈದ್ಯ ದಂಪತಿಗಳಾದ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರ ತಂಡವು 39 ಹಳ್ಳಿಗಳಲ್ಲಿ ಗ್ರಾಮದ ಮಹಿಳೆಯರಿಗೇ ತರಬೇತಿ ಕೊಟ್ಟು, ನವಜಾತ ಶಿಶುಗಳನ್ನು ಮನೆಯಲ್ಲಿಯೇ ಆರೈಕೆ ಮಾಡಿಸಿತು. ಇಂಥ ಸೌಲಭ್ಯವಿಲ್ಲದ 47 ಹಳ್ಳಿಗಳೊಂದಿಗೆ ಹೋಲಿಸಿದಾಗ ನವಜಾತ ಶಿಶುಗಳ ಮರಣವು ಶೇಕಡ 62ರಷ್ಟು ತಗ್ಗಿತ್ತು. 1999ರಲ್ಲಿ ಈ ಫಲಿತಾಂಶವು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದೇ ಮಾದರಿಯನ್ನು ಆಶಾ ಕಾರ್ಯಕರ್ತೆಯರ ಮೂಲಕ ದೇಶಕ್ಕೆಲ್ಲ ವಿಸ್ತರಿಸುವ ಗೃಹಾಧಾರಿತ ನವಜಾತ ಶಿಶು ಆರೈಕೆ ಕಾರ್ಯಕ್ರಮವು 2011ರಲ್ಲಿ ಜಾರಿಗೆ ಬಂದಿತು. ಸಜೀವ ಜನನ ಸಾವಿರಕ್ಕೆ 2005ರಲ್ಲಿ 37ರಷ್ಟಿದ್ದ ನವಜಾತ ಶಿಶು ಮರಣ ಪ್ರಮಾಣವು 2021ರ ವೇಳೆಗೆ 19ಕ್ಕೆ ಇಳಿಯಿತು. ಈ ಇಳಿಕೆಗೆ ಆಸ್ಪತ್ರೆಯ ಹೆರಿಗೆ, ಲಸಿಕೆ, ರಸ್ತೆ, ಶಿಕ್ಷಣ ಹೀಗೆ ಹಲವು ಕಾರಣಗಳಿವೆ. ಅವುಗಳಲ್ಲಿ ಮನೆ ಭೇಟಿಯೂ ಒಂದು.

ಆರು ಭೇಟಿಗಳ ಕೆಲಸ

ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಂದು ನೋಡಬೇಕು. ಮನೆಯಲ್ಲಿಯೇ ಹೆರಿಗೆಯಾದರೆ ಮೊದಲನೆಯ ದಿನದ ಭೇಟಿಯೂ ಸೇರಿ 7 ಭೇಟಿಗಳಾಗುತ್ತವೆ.

ಒಂದೊಂದು ಭೇಟಿಯಲ್ಲಿಯೂ ಮಾಡಬೇಕಾದ ಕೆಲಸ ಹಲವು ಬಗೆಯದು. ಆಕೆ ಸಾಬೂನಿನಿಂದ ಕೈ ತೊಳೆದು ಮಗುವನ್ನು ತೂಗುತ್ತಾಳೆ; ಕಂಕುಳಲ್ಲಿ ಉಷ್ಣಮಾಪಕವಿಟ್ಟು ಮೈಬಿಸಿ ನೋಡುತ್ತಾಳೆ; ಗಡಿಯಾರ ಹಿಡಿದು ಒಂದು ನಿಮಿಷದ ಉಸಿರನ್ನು ಎಣಿಸುತ್ತಾಳೆ. ಉಸಿರು 60 ಅಥವಾ ಅದಕ್ಕಿಂತ ಹೆಚ್ಚಾದರೆ, ಪಕ್ಕೆ ಒಳಸೆಳೆದರೆ, ಮಗು ಹಾಲು ಬಿಟ್ಟು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕು. ತೂಕ ಎರಡೂವರೆ ಕಿಲೋಗ್ರಾಂಗಿಂತ ಕಡಿಮೆಯಿದ್ದರೆ ತಾಯಿಯ ಎದೆಗೆ ಒತ್ತಿ ಬೆಚ್ಚಗಿಡುವ ಕ್ರಮವನ್ನು ಹೇಳಿಕೊಡಬೇಕು. ಹೊಕ್ಕುಳಿಗೆ ಏನನ್ನೂ ಹಚ್ಚಬಾರದೆಂದು ಅಜ್ಜಿಯರ ಮನವೊಲಿಸಬೇಕು. ಬಾಣಂತಿಗೆ ಅತಿ ರಕ್ತಸ್ರಾವ, ಜ್ವರ ಇವೆಯೇ ಎಂದು ವಿಚಾರಿಸಬೇಕು. ಇವೆಲ್ಲವನ್ನೂ ತಾಯಿ ಮತ್ತು ಮಗುವಿನ ರಕ್ಷಣಾ ಕಾರ್ಡಿನಲ್ಲಿ ಹಾಗೂ ತನ್ನ ನಮೂನೆಯಲ್ಲಿ ಬರೆದಿಡಬೇಕು. ಕರ್ನಾಟಕದಲ್ಲಿ ಈ ಕಾರ್ಡು ‘ತಾಯಿ ಕಾರ್ಡ್’ ಎಂದೇ ಮನೆಮಾತಾಗಿದೆ.

ಸಂಬಳವಲ್ಲ, ಪ್ರೋತ್ಸಾಹಧನ

ಯೋಜನೆಯ ಆರಂಭದಿಂದಲೂ ಆಶಾ ಕಾರ್ಯಕರ್ತೆಯನ್ನು ಗೌರವ ಸ್ವಯಂಸೇವಕಿ ಎಂದು ಪರಿಗಣಿಸಲಾಗಿದೆ. ಆದಕಾರಣ ಆಕೆಗೆ ಸಂಬಳವಿಲ್ಲ; ಮಾಡಿದ ಕಾರ್ಯವೊಂದಕ್ಕೆ ಇಂತಿಷ್ಟು ಎಂಬ ಪ್ರೋತ್ಸಾಹಧನವಿದೆ. ಜನನಿ ಸುರಕ್ಷಾ ಯೋಜನೆಯಲ್ಲಿ ಗ್ರಾಮಾಂತರದ ಫಲಾನುಭವಿಗೆ ಸಂಬಂಧಿಸಿದಂತೆ 600 ರೂಪಾಯಿ ನಿಗದಿಯಾಯಿತು. ಅದರಲ್ಲಿ 300 ರೂಪಾಯಿ ಗರ್ಭಿಣಿಯ ಪೂರ್ವಾರೈಕೆಗೆ, ಉಳಿದ 300 ಆಸ್ಪತ್ರೆಯಲ್ಲಿ ಹೆರಿಗೆಯಾಗುವಂತೆ ನೋಡಿಕೊಂಡುದಕ್ಕೆ. ನಗರಗಳಲ್ಲಿ ಈ ಮೊತ್ತ 200 ಮತ್ತು 200. ಮಗುವಿನ ಮೊದಲ ವರ್ಷದ ಲಸಿಕೆಗಳೆಲ್ಲ ಪೂರ್ಣವಾದರೆ 100 ರೂಪಾಯಿ. ಮೇಲೆ ಹೇಳಿದ ನವಜಾತ ಶಿಶುವಿನ ಆರು ಅಥವಾ ಏಳು ಭೇಟಿಗಳಿಗೆ ಒಟ್ಟು 250 ರೂಪಾಯಿ. ಅಂದರೆ ಭೇಟಿಯೊಂದಕ್ಕೆ ಸುಮಾರು 42 ರೂಪಾಯಿ. ಏಳು ಭೇಟಿಗಳಾದರೆ 36 ರೂಪಾಯಿಗೂ ಕಡಿಮೆ.

ಈ 250 ರೂಪಾಯಿ ಭೇಟಿಭೇಟಿಗೂ ದೊರೆಯುವಂಥದಲ್ಲ. 2011ರ ಮಾರ್ಗಸೂಚಿಯಂತೆ ಎಲ್ಲ ಭೇಟಿಗಳೂ ಮುಗಿದ ಮೇಲೆ ನಾಲ್ಕು ವಿಷಯಗಳು ಖಚಿತವಾಗಬೇಕಿತ್ತು: ಮಗುವಿನ ತೂಕ ಕಾರ್ಡಿನಲ್ಲಿ ದಾಖಲಾಗಿರಬೇಕು, ಮೊದಲ ಸುತ್ತಿನ ಲಸಿಕೆಗಳು ಬಿದ್ದಿರಬೇಕು, ಜನನ ನೋಂದಣಿಯಾಗಿರಬೇಕು, ತಾಯಿ ಮಗು ಇಬ್ಬರೂ 42ನೆಯ ದಿನದವರೆಗೆ ಸುರಕ್ಷಿತವಾಗಿರಬೇಕು.

ಇವುಗಳ ಉದ್ದೇಶ ಒಳ್ಳೆಯದೇ. ಬರಿಯ ಹಾಜರಿಗೆ ಹಣ ಕೊಡದೆ ಫಲಕ್ಕೆ ಹಣ ಕೊಡಬೇಕೆಂಬುದು ಅದರ ತತ್ತ್ವ. ಆದರೆ ನಾಲ್ಕು ಷರತ್ತುಗಳು ಒಂದೇ ಬಗೆಯವಲ್ಲ. ತೂಗಿ ಬರೆಯುವುದು ಪೂರ್ಣವಾಗಿ ಕಾರ್ಯಕರ್ತೆಯ ಕೈಯಲ್ಲಿದೆ. ಲಸಿಕೆಯು ಲಸಿಕೆಯ ದಿನ ಮತ್ತು ದಾಸ್ತಾನನ್ನೂ, ಜನನ ನೋಂದಣಿಯು ಬೇರೊಂದು ಕಚೇರಿಯನ್ನೂ ಅವಲಂಬಿಸಿದೆ. ನಾಲ್ಕನೆಯದು ಯಾರ ಕೈಯಲ್ಲಿಯೂ ಇಲ್ಲ. ಕಡಿಮೆ ತೂಕದ ಕೂಸಿರುವ ಮನೆಗೆ ಕಾರ್ಯಕರ್ತೆಯು ನಿಗದಿಗಿಂತ ಹೆಚ್ಚು ಸಲ ಹೋಗಿರಬಹುದು. ರಾತ್ರಿಯಲ್ಲಿ ವಾಹನ ಕರೆಸಿ ತಾಲ್ಲೂಕು ಆಸ್ಪತ್ರೆಗೆ ಜೊತೆ ಹೋಗಿರಬಹುದು. ಆದರೂ ಮಗು ಉಳಿಯದೆ ಹೋದಲ್ಲಿ ಆ ಷರತ್ತು ಈಡೇರಲಿಲ್ಲವೆಂದೇ ಲೆಕ್ಕ. ಅತಿ ಹೆಚ್ಚು ದುಡಿಮೆ ಬೇಡಿದ ಮನೆಯೇ ಅತಿ ಕಡಿಮೆ ಸಂಭಾವನೆಯ ಮನೆಯಾಗುವ ಅಪಾಯ ಇದರಲ್ಲಿದೆ.

ತವರಿನ ಬಾಣಂತನ ಕಲಿಸಿದ ಪಾಠ

ಕಾಗದದ ಮೇಲೆ ಸರಳವಾಗಿ ಕಾಣುವ ನಿಯಮವು ಮನೆಯ ಹೊಸ್ತಿಲಲ್ಲಿ ಎಡವುವುದಕ್ಕೆ ಇನ್ನೂ ಕೆಲವು ನಿದರ್ಶನಗಳಿವೆ. ಶಸ್ತ್ರಕ್ರಿಯೆಯ ಮೂಲಕ ಹೆರಿಗೆಯಾದ ತಾಯಿಯು ಮೂರನೆಯ ದಿನ ಮನೆಯಲ್ಲಿರುವುದೇ ಇಲ್ಲ. ಆ ದಿನದ ಭೇಟಿ ಮಾಡುವುದೆಲ್ಲಿ? ಅವಳಿ ಮಕ್ಕಳಾದರೆ ತೂಗುವುದು, ಎಣಿಸುವುದು, ಬರೆಯುವುದು ಎಲ್ಲವೂ ಇಮ್ಮಡಿ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುವುದು ಕನ್ನಡ ನಾಡಿನಲ್ಲಿಯೂ ನೆರೆಯ ಪ್ರದೇಶಗಳಲ್ಲಿಯೂ ರೂಢಿ. ಆಗ ಗರ್ಭಿಣಿಯನ್ನು ನೋಂದಾಯಿಸಿ ತಿಂಗಳುಗಟ್ಟಲೆ ವಿಚಾರಿಸಿಕೊಂಡವಳು ಒಬ್ಬ ಕಾರ್ಯಕರ್ತೆ, ಬಾಣಂತಿಯ ಬಳಿಗೆ ಬರುವವಳು ಮತ್ತೊಬ್ಬಳು. ಬಾಣಂತಿಯು ನಡುವೆಯೇ ಗಂಡನ ಮನೆಗೆ ಮರಳಿದರೆ ಆರು ಭೇಟಿಗಳು ಇಬ್ಬರ ನಡುವೆ ಒಡೆದುಹೋಗುತ್ತವೆ. ಪೂರ್ಣಗೊಂಡ ಮೇಲೆ ಮಾತ್ರ ಪಾವತಿ ಎಂದರೆ ಇಬ್ಬರಲ್ಲಿ ಯಾರೂ ‘ಪೂರ್ಣಗೊಳಿಸಿದವರು’ ಆಗುವುದಿಲ್ಲ.

2014ರ ಪರಿಷ್ಕೃತ ಮಾರ್ಗಸೂಚಿಯು ಇಂಥ ತೊಡಕುಗಳನ್ನು ಗಣನೆಗೆ ತೆಗೆದುಕೊಂಡಿತು. ಶಸ್ತ್ರಕ್ರಿಯೆಯ ಹೆರಿಗೆಯಲ್ಲಿ 7ನೆಯ ದಿನದಿಂದ 42ನೆಯ ದಿನದವರೆಗಿನ 5 ಭೇಟಿಗಳನ್ನು ಮುಗಿಸಿದರೂ ಪೂರ್ಣ ಮೊತ್ತ ಸಲ್ಲುತ್ತದೆ. ವಿಶೇಷ ಶಿಶು ಘಟಕದಿಂದ ಬಿಡುಗಡೆಯಾಗಿ ತಡವಾಗಿ ಮನೆಗೆ ಬಂದ ಮಗುವಿನ ವಿಷಯದಲ್ಲಿ ಉಳಿದ ಭೇಟಿಗಳನ್ನು ಮಾಡಿದರೆ ಸಾಕು. ಅವಳಿಗಳಿಗೆ 500 ರೂಪಾಯಿ. ತವರಿನ ಮತ್ತು ಗಂಡನ ಮನೆಯ ಇಬ್ಬರು ಕಾರ್ಯಕರ್ತೆಯರು ಭೇಟಿಗಳನ್ನು ಹಂಚಿಕೊಂಡಲ್ಲಿ ಮೊತ್ತವನ್ನೂ ಹಂಚಲು ಅವಕಾಶವಾಯಿತು. ಹಣದ ಒಟ್ಟು ಪ್ರಮಾಣ ಇಲ್ಲಿ ಏರಲಿಲ್ಲ. ಆದರೆ ದುಡಿದವರಿಗೆ ದುಡಿದಷ್ಟು ದೊರೆಯುವ ದಾರಿ ತೆರೆಯಿತು. ನಿಯಮದ ಸುಧಾರಣೆ ಎಂದರೆ ಏನೆಂಬುದಕ್ಕೆ ಇದು ಉತ್ತಮ ಉದಾಹರಣೆ.

ಈ ಅನುಭವದ ಬಳಿಕ, 2018ರಲ್ಲಿ, ಎಳೆಯ ಮಕ್ಕಳ ಗೃಹಾಧಾರಿತ ಆರೈಕೆ ಕಾರ್ಯಕ್ರಮವು ರೂಪುಗೊಂಡಿತು. ಇದರಲ್ಲಿ 3, 6, 9, 12 ಮತ್ತು 15ನೆಯ ತಿಂಗಳುಗಳಲ್ಲಿ ಐದು ಭೇಟಿಗಳಿವೆ. ಪ್ರತಿ ಭೇಟಿಗೆ 50 ರೂಪಾಯಿ ಎಂದು ನಿಗದಿಪಡಿಸಲಾಯಿತು. ಒಟ್ಟು ಮೊತ್ತ ಇಲ್ಲಿಯೂ 250. ಆದರೆ ದರವನ್ನು ಭೇಟಿಯ ಲೆಕ್ಕದಲ್ಲಿ ಹೇಳಿರುವುದರಿಂದ ಒಂದು ಭೇಟಿ ತಪ್ಪಿದರೆ ಉಳಿದ ನಾಲ್ಕರ ಶ್ರಮ ಲೆಕ್ಕಕ್ಕೆ ಸಿಗುತ್ತದೆ.

ಖಚಿತ ಮಾಸಿಕ ಮೊತ್ತದತ್ತ

ಕಾರ್ಯಕ್ಕೆ ತಕ್ಕ ಪಾವತಿಯೊಂದರಿಂದಲೇ ಸಂಸಾರ ತೂಗುವುದು ಕಷ್ಟ. ಊರಿನಲ್ಲಿ ಒಂದು ತಿಂಗಳು ಹೆರಿಗೆಗಳೇ ಆಗದಿರಬಹುದು. ಮನೆಗಳ ಪಟ್ಟಿ ಮಾಡುವುದು, ಗ್ರಾಮ ಆರೋಗ್ಯ ದಿನವನ್ನು ನಡೆಸುವುದು, ಸಭೆಗಳಿಗೆ ಹೋಗುವುದು ಮುಂತಾದ ಕೆಲಸಗಳು ಮಾತ್ರ ಎಂದಿನಂತೆ ಇರುತ್ತವೆ. ಇದನ್ನು ಮನಗಂಡು 2013ರಲ್ಲಿ ಇಂಥ ನಿತ್ಯದ ಕಾರ್ಯಗಳಿಗಾಗಿ ತಿಂಗಳಿಗೆ 1,000 ರೂಪಾಯಿಯನ್ನು ಗೊತ್ತುಮಾಡಲಾಯಿತು. 2018ರ ಅಕ್ಟೋಬರಿನಿಂದ ಅದು 2,000 ರೂಪಾಯಿಯಾಯಿತು. 2025ರಲ್ಲಿ ಕೇಂದ್ರ ಸರ್ಕಾರವು ಅದನ್ನು 3,500 ರೂಪಾಯಿಗೆ ಹೆಚ್ಚಿಸಿತು. ಹತ್ತು ವರ್ಷ ಸೇವೆ ಸಲ್ಲಿಸಿ ನಿವೃತ್ತರಾಗುವವರಿಗೆ ನೀಡುವ ಮೊತ್ತವನ್ನು 20,000 ರೂಪಾಯಿಯಿಂದ 50,000 ರೂಪಾಯಿಗೆ ಏರಿಸಲಾಯಿತು.

ಇದಲ್ಲದೆ ರಾಜ್ಯಗಳು ತಮ್ಮ ಬೊಕ್ಕಸದಿಂದ ಪ್ರತ್ಯೇಕ ಗೌರವಧನ ನೀಡುತ್ತವೆ. ಅದರ ಪ್ರಮಾಣ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆಂಧ್ರ ಪ್ರದೇಶವು 2019ರಲ್ಲಿ ಮಾಸಿಕ ಮೊತ್ತವನ್ನು 10,000 ರೂಪಾಯಿಗೆ ಏರಿಸಿತು. ಕರ್ನಾಟಕದಲ್ಲಿ 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕಾರ್ಯಕರ್ತೆಯರು ಧರಣಿ ಕುಳಿತರು. ಎಲ್ಲ ಬಾಬುಗಳೂ ಸೇರಿ ತಿಂಗಳಿಗೆ ಕನಿಷ್ಠ 10,000 ರೂಪಾಯಿ ದೊರೆಯುವಂತೆ ಮಾಡುವುದಾಗಿ ರಾಜ್ಯ ಸರ್ಕಾರವು ಭರವಸೆ ನೀಡಿತು. ಕೇರಳದಲ್ಲಿ 2025ರ ಫೆಬ್ರವರಿಯಲ್ಲಿ ಆರಂಭವಾದ ಧರಣಿಯ ಸಂದರ್ಭದಲ್ಲಿ, ಗೌರವಧನ ಪಡೆಯಲು ವಿಧಿಸಿದ್ದ ಷರತ್ತುಗಳನ್ನೇ ಮಾರ್ಚ್ ತಿಂಗಳಲ್ಲಿ ಹಿಂತೆಗೆದುಕೊಳ್ಳಲಾಯಿತು. ಕಾರ್ಯಕರ್ತೆಯರ ಬೇಡಿಕೆಗಳು ಮೊತ್ತಕ್ಕೆ ಮಾತ್ರವಲ್ಲದೆ ಪಾವತಿಯ ನಿಯಮಗಳಿಗೂ ಸಂಬಂಧಿಸಿದ್ದವು ಎಂಬುದು ಇಲ್ಲಿ ಗಮನಾರ್ಹ.

ಹಣ ಸಾಗುವ ದಾರಿ

ರಾಷ್ಟ್ರೀಯ ಆರೋಗ್ಯ ಅಭಿಯಾನದ ವೆಚ್ಚವನ್ನು ಸಾಮಾನ್ಯವಾಗಿ ಕೇಂದ್ರವು ಶೇಕಡ 60, ರಾಜ್ಯವು ಶೇಕಡ 40ರಂತೆ ಭರಿಸುತ್ತವೆ. ಈಶಾನ್ಯ ಹಾಗೂ ಹಿಮಾಲಯದ ರಾಜ್ಯಗಳಲ್ಲಿ ಈ ಪ್ರಮಾಣ 90 ಮತ್ತು 10. ಹಣವು ರಾಜ್ಯದ ಬೊಕ್ಕಸಕ್ಕೆ ಬಂದು, ಅಲ್ಲಿಂದ ರಾಜ್ಯ ಆರೋಗ್ಯ ಸಂಘದ ಖಾತೆಯ ಮೂಲಕ ಕೆಳಗಿಳಿಯುತ್ತದೆ.

ಇತ್ತ ಕೆಳಗಿನಿಂದ ಮೇಲಕ್ಕೆ ಕಾಗದ ಸಾಗುತ್ತದೆ. ಕಾರ್ಯಕರ್ತೆಯು ತಿಂಗಳ ಕೆಲಸವನ್ನು ನಮೂನೆಯಲ್ಲಿ ತುಂಬುತ್ತಾಳೆ. ಕಿರಿಯ ಆರೋಗ್ಯ ಸಹಾಯಕಿಯು ಅದನ್ನು ತಪಾಸಣೆ ಮಾಡುತ್ತಾಳೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಅನುಮೋದನೆಯಾದ ಮೇಲೆ ಲೆಕ್ಕ ವಿಭಾಗವು ಬ್ಯಾಂಕ್ ಖಾತೆಗೆ ಜಮಾ ಮಾಡುತ್ತದೆ. ಹಿಂದೆ ನಗದಾಗಿ ಅಥವಾ ಚೆಕ್ಕಿನ ಮೂಲಕ ಬಟವಾಡೆಯಾಗುತ್ತಿದ್ದ ಹಣ ಈಗ ನೇರವಾಗಿ ಖಾತೆಗೆ ಸೇರುವುದರಿಂದ ಮಧ್ಯೆ ಸೋರುವ ಅವಕಾಶ ಕಡಿಮೆಯಾಗಿದೆ. ರಾಜಸ್ಥಾನವು 2014ರಲ್ಲಿಯೇ ಆಶಾ ಸಾಫ್ಟ್ ಎಂಬ ಗಣಕ ವ್ಯವಸ್ಥೆಯನ್ನು ಇದಕ್ಕಾಗಿ ಜಾರಿಗೆ ತಂದಿತು.

ಗಣಕೀಕರಣದಿಂದ ಹೊಸದೊಂದು ತೊಡಕೂ ಹುಟ್ಟಿದೆ. ಮನೆಯಲ್ಲಿ ಮಾಡಿದ ಕೆಲಸವು ಜಾಲತಾಣದಲ್ಲಿ ದಾಖಲಾದರೆ ಮಾತ್ರ ಹಣ ಎಂದಾದಾಗ, ದಾಖಲೆ ಮಾಡುವವರ ವಿಳಂಬವೂ ಸಂಪರ್ಕದ ದೋಷವೂ ಕಾರ್ಯಕರ್ತೆಯ ಗಳಿಕೆಯಿಂದ ಕಳೆಯುತ್ತವೆ. ಪ್ರೋತ್ಸಾಹಧನಕ್ಕೂ ಜಾಲತಾಣದ ದಾಖಲೆಗೂ ಇರುವ ಕೊಂಡಿಯನ್ನು ಬಿಡಿಸಬೇಕೆಂಬುದು ಕರ್ನಾಟಕದ ಕಾರ್ಯಕರ್ತೆಯರ ಬೇಡಿಕೆಗಳಲ್ಲೊಂದು.

ಕಾನೂನಿನಲ್ಲಿ ಸ್ಥಾನ

ತಿಂಗಳ ವೇತನದ ನೌಕರರಿಗೆ ಮರುತಿಂಗಳ 7ನೆಯ ದಿನದೊಳಗೆ ವೇತನ ಸಲ್ಲಬೇಕು, ವೇತನ ಚೀಟಿ ನೀಡಬೇಕು ಎಂಬುದು 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ ನಿಯಮ. ಆಶಾ ಕಾರ್ಯಕರ್ತೆಯನ್ನು ಸ್ವಯಂಸೇವಕಿ ಎಂದು ವರ್ಗೀಕರಿಸಿರುವುದರಿಂದ ಈ ರಕ್ಷಣೆ ಆಕೆಗೆ ತಾನಾಗಿಯೇ ಒದಗುವುದಿಲ್ಲ. ಯೋಜನಾ ಕಾರ್ಯಕರ್ತೆಯರನ್ನು ಕಾರ್ಮಿಕರೆಂದು ಪರಿಗಣಿಸಿ ಕನಿಷ್ಠ ವೇತನ ಹಾಗೂ ಸಾಮಾಜಿಕ ಭದ್ರತೆ ನೀಡಬೇಕೆಂದು 2013ರ ಮೇ ತಿಂಗಳಲ್ಲಿ ನಡೆದ 45ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಶಿಫಾರಸು ಮಾಡಿತ್ತು.

ನೆರೆಯ ಕ್ಷೇತ್ರವಾದ ಅಂಗನವಾಡಿಯಲ್ಲಿ ನ್ಯಾಯಾಲಯದ ದೃಷ್ಟಿ ಸಾಗಿಬಂದ ಬಗೆಯೂ ತಿಳಿಯಬೇಕಾದುದು. ಕರ್ನಾಟಕದ ಅಮೀರ್‌ಬಿ ಪ್ರಕರಣದಲ್ಲಿ, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಗುಜರಾತಿನ ಮಣಿಬೆನ್ ಪ್ರಕರಣದಲ್ಲಿ 2022ರ ಏಪ್ರಿಲ್ 25ರಂದು ಅದೇ ನ್ಯಾಯಾಲಯವು, 1972ರ ಉಪದಾನ ಕಾಯಿದೆಯು ಅವರಿಗೆ ಅನ್ವಯಿಸುತ್ತದೆಂದು ತೀರ್ಪಿತ್ತಿತು. ಹುದ್ದೆಯ ಹೆಸರು ಏನೇ ಇರಲಿ, ಸೇವೆಗೆ ತಕ್ಕ ರಕ್ಷಣೆ ಬೇಕೆಂಬ ವಿಚಾರಕ್ಕೆ ಇದರಿಂದ ಬಲ ಬಂದಿತು. ಈ ತೀರ್ಪು ಅಂಗನವಾಡಿಗೆ ಸಂಬಂಧಿಸಿದ್ದು. ಆಶಾ ಕಾರ್ಯಕರ್ತೆಯರ ಕುರಿತಾದುದಲ್ಲ.

ಆಶಾ ಕಾರ್ಯಕರ್ತೆಯರಿಗೆ ಸಾಮಾಜಿಕ ಭದ್ರತೆಯು ಯೋಜನೆಗಳ ಮೂಲಕ ಒದಗುತ್ತಿದೆ. 2018ರಿಂದ ಅರ್ಹರಾದವರ ಜೀವ ವಿಮೆ ಮತ್ತು ಅಪಘಾತ ವಿಮೆಯ ಕಂತನ್ನು ಸರ್ಕಾರವೇ ಭರಿಸುತ್ತದೆ. ಎರಡರಲ್ಲಿಯೂ ಪರಿಹಾರ ಮೊತ್ತ ತಲಾ 2 ಲಕ್ಷ ರೂಪಾಯಿ. 2024ರ ಫೆಬ್ರವರಿಯ ಮಧ್ಯಂತರ ಆಯವ್ಯಯವು ಎಲ್ಲ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಆಯುಷ್ಮಾನ್ ಭಾರತ ಚಿಕಿತ್ಸಾ ಸೌಲಭ್ಯವನ್ನು ವಿಸ್ತರಿಸಿತು.

ಉತ್ತಮ ನಿಯಮದ ಲಕ್ಷಣಗಳು

ಎರಡು ದಶಕಗಳ ಅನುಭವದಿಂದ ಕೆಲವು ತತ್ತ್ವಗಳು ಸ್ಪಷ್ಟವಾಗುತ್ತವೆ.

ಮೊದಲನೆಯದಾಗಿ, ಪಾವತಿಯ ಘಟಕವು ಭೇಟಿಯೇ ಆಗಿರಬೇಕು. ಕೂಸಿಗೆ ನೆರವಾಗುವುದು ಮೂರನೆಯ ದಿನದ ಭೇಟಿ. ಅದರ ಸಂಭಾವನೆಯು 42ನೆಯ ದಿನದ ಭೇಟಿಗೆ ಕಾಯುವ ಕಾರಣವಿಲ್ಲ.

ಎರಡನೆಯದಾಗಿ, ಷರತ್ತುಗಳು ಕಾರ್ಯಕರ್ತೆಯ ಹಿಡಿತದಲ್ಲಿರುವ ವಿಷಯಗಳಿಗೆ ಸೀಮಿತವಾಗಬೇಕು. ತೂಕ ದಾಖಲಿಸದಿದ್ದರೆ ಕಡಿತ ನ್ಯಾಯವೇ. ಲಸಿಕೆಯ ದಾಸ್ತಾನು ಮುಗಿದಿದ್ದಕ್ಕೆ ಕಡಿತ ನ್ಯಾಯವಲ್ಲ. ಸಾವು ಸಂಭವಿಸಿದ ಮನೆಯ ಭೇಟಿಗಳಿಗೂ ಹಣ ಸಲ್ಲುವಂತಿದ್ದರೆ, ಆ ಸಾವನ್ನು ಮರೆಮಾಚದೆ ವರದಿ ಮಾಡುವುದಕ್ಕೂ ಉತ್ತೇಜನ ದೊರೆಯುತ್ತದೆ. ಇದರಿಂದ ಆರೋಗ್ಯ ಇಲಾಖೆಯ ಅಂಕಿಅಂಶಗಳೂ ನಂಬಿಕೆಗೆ ಅರ್ಹವಾಗುತ್ತವೆ.

ಮೂರನೆಯದಾಗಿ, ಬಟವಾಡೆಗೆ ನಿಶ್ಚಿತ ದಿನವಿರಬೇಕು. ಖಾತೆಗೆ ಒಟ್ಟು ಮೊತ್ತವೊಂದು ಬಿದ್ದರೆ ಸಾಲದು. ಯಾವ ಕಾರ್ಯಕ್ಕೆ ಎಷ್ಟು, ಯಾವುದು ಏಕೆ ತಿರಸ್ಕೃತವಾಯಿತು ಎಂಬ ವಿವರವನ್ನು ಆಕೆಗೆ ತಿಳಿಯುವ ಭಾಷೆಯಲ್ಲಿ ಬರೆದ ಚೀಟಿ ಇರಬೇಕು. ತಿರಸ್ಕಾರವನ್ನು ಪ್ರಶ್ನಿಸಲು ಸಮೀಪದಲ್ಲಿಯೇ ಒಬ್ಬ ಅಧಿಕಾರಿಯಿರಬೇಕು.

ನಾಲ್ಕನೆಯದಾಗಿ, ರಾಜ್ಯದ ಗಡಿಯು ಲೆಕ್ಕದ ಗಡಿಯಾಗಬಾರದು. ಪುಣೆಯಲ್ಲಿ ನೆಲೆಸಿದ ಕನ್ನಡ ಕುಟುಂಬದ ಸೊಸೆ ವಿಜಯಪುರದ ತವರಿಗೆ ಹೆರಿಗೆಗೆ ಹೋಗಬಹುದು. ಹೈದರಾಬಾದಿನ ಗರ್ಭಿಣಿ ಕಲಬುರಗಿಗೆ ಹೋಗಬಹುದು. ಅಲ್ಲಿಯ ಕಾರ್ಯಕರ್ತೆಯ ಭೇಟಿಗಳು ಇಲ್ಲಿಯ ನೋಂದಣಿಯೊಂದಿಗೆ ಕೂಡಿಕೊಳ್ಳುವಂತಿರಬೇಕು.

ಕುಟುಂಬದವರು ಮಾಡಬಹುದಾದುದು

ನಿಯಮಗಳನ್ನು ರೂಪಿಸುವುದು ಸರ್ಕಾರಗಳ ಕರ್ತವ್ಯ. ಆದರೆ ಕಾರ್ಯಕರ್ತೆಯ ಶ್ರಮವು ಲೆಕ್ಕಕ್ಕೆ ಬರುವಂತೆ ಮಾಡುವಲ್ಲಿ ಮನೆಯವರ ಪಾತ್ರವೂ ಇದೆ. ಗರ್ಭಿಣಿಯು ತವರಿಗೆ ಹೊರಡುವಾಗ ತಾಯಿ ಕಾರ್ಡನ್ನು ತಪ್ಪದೆ ಜೊತೆಗೆ ಒಯ್ಯಬೇಕು. ಹೋಗುವ ಊರನ್ನು ಇಲ್ಲಿಯ ಕಾರ್ಯಕರ್ತೆಗೆ ತಿಳಿಸಿ, ತಲಪಿದ ಮೇಲೆ ಅಲ್ಲಿಯ ಕಾರ್ಯಕರ್ತೆಗೆ ಹೇಳಿಕಳುಹಿಸಬೇಕು. ಪ್ರತಿ ಭೇಟಿಯಲ್ಲಿಯೂ ಕಾರ್ಡನ್ನು ಮುಂದಿಟ್ಟು ತೂಕವನ್ನೂ ದಿನಾಂಕವನ್ನೂ ಬರೆಸಿಕೊಳ್ಳಬೇಕು. ಮಗುವಿನ ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಲಸಿಕೆಯ ದಿನವನ್ನು ತಪ್ಪಿಸಬಾರದು. ಇವೆಲ್ಲ ಮಗುವಿನ ಹಿತಕ್ಕಾಗಿಯೇ ಇರುವ ಕ್ರಮಗಳು. ಕಾರ್ಯಕರ್ತೆಯ ಸಂಭಾವನೆಯೂ ಇವುಗಳನ್ನೇ ಅವಲಂಬಿಸಿದೆ ಎಂಬುದನ್ನು ನೆನಪಿಡಬೇಕು.

ಬಾಣಂತಿಯ ಕೋಣೆಯ ಬಾಗಿಲಲ್ಲಿ ತಕ್ಕಡಿ ಹಿಡಿದು ನಿಂತ ಮಹಿಳೆ ಅದೇ ಊರಿನವಳು, ಅದೇ ಓಣಿಯವಳು. ಆಕೆಗೂ ಸಂಸಾರವಿದೆ, ತಿಂಗಳ ಕೊನೆಯ ಲೆಕ್ಕವಿದೆ. ಮಾಡಿದ ಕೆಲಸಕ್ಕೆ ಹೇಳಿದ ದಿನ ಹೇಳಿದಷ್ಟು ಹಣ ಬರುತ್ತದೆಂಬ ಭರವಸೆ ಆಕೆಗಿದ್ದರೆ ಏಳನೆಯ ದಿನ, ಹದಿನಾಲ್ಕನೆಯ ದಿನ, ಇಪ್ಪತ್ತೊಂದನೆಯ ದಿನ ಆ ಬಾಗಿಲು ತಪ್ಪದೆ ತಟ್ಟಲ್ಪಡುತ್ತದೆ.